ಸಂಕಮ್ಮ ಸಿಕ್ಕಿದ ದಾರಿ

2016ರಲ್ಲಿ ಜೀ ಕನ್ನಡದಲ್ಲಿ ‘ನಾಗಿಣಿ’ ಧಾರಾವಾಹಿ ಶುರುವಾದಾಗ ದೀಪಿಕಾ ದಾಸ್ ಮನೆಮಾತಾದರು. ಅವರ ಪಾತ್ರ ಹಾವಾಗಿ ಮಾರ್ಪಡುವ, ಸೇಡು ತೀರಿಸಿಕೊಳ್ಳಲು ಬಂದ ಹೆಣ್ಣು. ಕನ್ನಡದ ಕಿರುತೆರೆಗೆ ಗಟ್ಟಿಗಿತ್ತಿ ನಾಯಕಿ ಈಗ ಸಿಕ್ಕಳು ಅಂದುಕೊಂಡವರಲ್ಲಿ ನಾನೂ ಒಬ್ಬ. ಮಲೆ ಮಾದಪ್ಪನ ಜನಪದ ಕಾವ್ಯದ ‘ಸಂಕಮ್ಮನ ಸಾಲು’ ಕೇಳಿದ ಮೇಲೆ ಆ ಮಾತು ಬಿಟ್ಟೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಮಲೆ ಮಾದಪ್ಪನಿಗೆ, ಅಂದರೆ ಮಾದೇಶ್ವರನಿಗೆ, ನಡೆದುಕೊಳ್ಳುವ ಒಕ್ಕಲು ಬಹಳ. ಕೋಟೆ ಕಡೆಯವರಿಗಂತೂ ಕಬಿನಿ ಹಿನ್ನೀರಿನ ಭೀಮನಕೊಲ್ಲಿಯಲ್ಲೂ ಕಾಡೊಳಗಿನ ಬೇಲದಕುಪ್ಪೆಯಲ್ಲೂ ಅವನೇ ದೇವರು. ದೀಕ್ಷೆ ಪಡೆದ ದೇವರಗುಡ್ಡರು ಕಂಸಾಳೆ ಹಿಡಿದು ಬೆಳಗಿನವರೆಗೆ ಅವನ ಕತೆ ಹಾಡುತ್ತಾರೆ. ಆ ಕಾವ್ಯದ ಒಂದೊಂದು ಭಾಗವೂ ಒಂದೊಂದು ‘ಸಾಲು’; ಸಂಕಮ್ಮನದು ಅವುಗಳಲ್ಲೊಂದು.

ಸಂಕಮ್ಮ ಸೋಲಿಗರ ನೀಲೇಗೌಡನ ಹೆಂಡತಿ, ಮಕ್ಕಳಿಲ್ಲ. ಕಾಡಿಗೆ ಹೊರಟ ಗಂಡ, ‘ನಾನು ಬರುವತನಕ ಪತಿವ್ರತೆಯಾಗಿರುತ್ತೇನೆಂದು ಕೈಮೇಲೆ ಕೈಯಿಟ್ಟು ಭಾಷೆ ಕೊಡು’ ಎನ್ನುತ್ತಾನೆ. ಅವಳು ಕೊಡುವುದಿಲ್ಲ. ಆಣೆ ಇಟ್ಟರೆ ತನ್ನ ಸತ್ಯವನ್ನು ತಾನೇ ಶಂಕಿಸಿದಂತೆ ಎಂಬುದು ಅವಳ ನಿಲುವು. ಹೊಡೆತ ತಿಂದರೂ ಜಗ್ಗುವುದಿಲ್ಲ. ಗಂಡ ಅವಳನ್ನು ಗುಡಿಸಲಲ್ಲಿ ಕೂಡಿಹಾಕಿ, ಮಂತ್ರದ ಕಟ್ಟು ಹಾಕಿ ಹೋಗುತ್ತಾನೆ. ಆಮೇಲೆ ಮಾದಪ್ಪ ಬರುತ್ತಾನೆ, ಕಟ್ಟು ಬಿಡಿಸುತ್ತಾನೆ, ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳ ವರ ಕೊಡುತ್ತಾನೆ.

ಪವಾಡವೆಲ್ಲ ಮಾದಪ್ಪನದು. ಆದರೆ ಅವನು ಬರುವ ಮೊದಲೇ, ಯಾವ ಮಾಯೆಯ ಬಲವೂ ಇಲ್ಲದೆ, ಸಂಕಮ್ಮ ‘ಕೊಡೆ’ ಎಂದಾಗಿತ್ತು. ನನಗೆ ಸಿಕ್ಕ ನಾಯಕಿ ಇವಳು.

ಹಾಡಿನಲ್ಲಿದ್ದವಳು ಕಾಗದಕ್ಕೆ ಇಳಿದದ್ದು ತಡವಾಗಿ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾಯಿತು. ವಿದ್ವಾಂಸರು ಹಳ್ಳಿಯ ಹಾಡುಗಾರರ ಮುಂದೆ ಕೂತು ಬರೆದುಕೊಳ್ಳತೊಡಗಿದ್ದ ಕಾಲ ಅದು. ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ 1973ರಲ್ಲಿ ಬಂತು. ಮುಂದೆ ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಮಾಡಿದ ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. 2018ರಲ್ಲಿ ‘ಉಘೇ ಉಘೇ ಮಾದೇಶ್ವರ’ ಧಾರಾವಾಹಿಯೊಂದಿಗೆ ಮಾದಪ್ಪನ ಕತೆ ಕಿರುತೆರೆಗೂ ಬಂತು.

ಇವರೆಲ್ಲರಿಗೂ ನಾವು ಋಣಿಗಳು. ಆದರೂ ಸಂಕಮ್ಮನನ್ನು ಮೊದಲು ಕಂಡವರು, ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವರು ಓದುಬರಹ ಅರಿಯದ ಕಂಸಾಳೆಯ ಗುಡ್ಡರು.

ಧಾರಾವಾಹಿ ಬರೆಯುವ ಗೆಳೆಯರಲ್ಲಿ ನನ್ನದೊಂದು ಬಿನ್ನಹ: ಮುಂದಿನ ನಾಯಕಿಗೆ ಹೆಡೆ ಬಿಡಿಸುವ ಮುನ್ನ ಒಂದು ರಾತ್ರಿ ಕಂಸಾಳೆಯವರ ಮುಂದೆ ಕೂತು ಸಂಕಮ್ಮನ ಸಾಲನ್ನು ಪೂರ್ತಿ ಕೇಳಿ.