ಹುಬ್ಬಳ್ಳಿಯ ಅವ್ವನಿಗೆ ಹೇಳದ ಬೈಕ್ ಪ್ರವಾಸ

ಡೆನ್ವರ್: ಏಪ್ರಿಲ್‌ನ ತೆರಿಗೆ ಗಡಿಬಿಡಿ ಮುಗಿದ ಕೂಡಲೇ ಎಲ್ಲಾದರೂ ಹೋಗೋಣ ಎಂದುಕೊಂಡವರು ಕೊನೆಗೂ ಹೊರಟದ್ದು ಜುಲೈನಲ್ಲಿ. ನಾವು ಐವರು ಕನ್ನಡಿಗರು, ಐದು ಬಾಡಿಗೆ ಬೈಕು. ಗುರಿ ಕೊಲರಾಡೊದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನ. ಗುಂಪಿನ ಕಿರಿಯವನು ಹುಬ್ಬಳ್ಳಿಯ ಹುಡುಗ. ‘ಗೆಳೆಯರ ಜೋಡಿ ಕಾರಿನ್ಯಾಗ ಹೊಂಟೇನಿ’ ಎಂದು ಅವ್ವನಿಗೆ ಫೋನಿನಲ್ಲಿ ಹೇಳಿ ಬಂದಿದ್ದ.

ಎಸ್ಟೆಸ್ ಪಾರ್ಕ್ ಊರಿನಿಂದ ಗ್ರ್ಯಾಂಡ್ ಲೇಕ್‌ಗೆ ಬೆಟ್ಟ ದಾಟಿಸುವ ಟ್ರೈಲ್ ರಿಡ್ಜ್ ರಸ್ತೆಯ ಉದ್ದ 48 ಮೈಲಿ, ಅಂದರೆ 77 ಕಿ.ಮೀ. ಅದರ ಅತಿ ಎತ್ತರದ ಜಾಗ 12,183 ಅಡಿ. ನಮ್ಮ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡರಷ್ಟು. ಹಿಮದಿಂದಾಗಿ ಅಕ್ಟೋಬರ್‌ನಿಂದ ಮೇ ಕೊನೆಯವರೆಗೆ ಈ ರಸ್ತೆ ಮುಚ್ಚಿರುತ್ತದೆ. ಉದ್ಯಾನದೊಳಗೆ ಪೆಟ್ರೋಲ್ ಬಂಕ್ ಇಲ್ಲ, ಎಷ್ಟೋ ಕಡೆ ಪ್ರಪಾತದ ಅಂಚಿಗೆ ತಡೆಗೋಡೆಯೂ ಇಲ್ಲ. ಬೈಕ್ ಓಡಿಸಲು ಕಾರಿನ ಲೈಸೆನ್ಸ್ ಸಾಲದು, ಬೇರೆ ಪರೀಕ್ಷೆ ಪಾಸಾಗಬೇಕು. ವಿಚಿತ್ರವೆಂದರೆ, 18 ವರ್ಷ ದಾಟಿದವರಿಗೆ ಈ ರಾಜ್ಯದಲ್ಲಿ ಹೆಲ್ಮೆಟ್ ಕಡ್ಡಾಯವಲ್ಲ. ನಾವಂತೂ ಐವರೂ ಹಾಕಿದ್ದೆವು.

ಬೇಸಿಗೆಯಲ್ಲಿ ಒಳಹೋಗುವ ಹೊತ್ತನ್ನು ಮೊದಲೇ ಕಾಯ್ದಿರಿಸಬೇಕು. ಊರವರ ತೆರಿಗೆಯ ಗಡುವನ್ನೆಲ್ಲ ನೆನಪಿಟ್ಟುಕೊಳ್ಳುವ ನಾವು ಇದನ್ನು ಮಾತ್ರ ಮರೆತು ಕೂತೆವು. ಸಿಕ್ಕಿದ್ದು ಹನ್ನೊಂದು ಗಂಟೆ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಗುಡುಗು ಸಿಡಿಲು ಮಾಮೂಲು, ಆದ್ದರಿಂದ ಹನ್ನೆರಡರೊಳಗೆ ಮರಗಳ ಸಾಲಿಗಿಂತ ಕೆಳಗೆ ಇಳಿದಿರಬೇಕು ಎಂದು ಉದ್ಯಾನದವರೇ ಹೇಳುತ್ತಾರೆ. ನಾವು ಹನ್ನೆರಡಕ್ಕೆ ಇನ್ನೂ ಹತ್ತುತ್ತಿದ್ದೆವು.

ಸುಮಾರು 11,400 ಅಡಿಯ ಮೇಲೆ ಮರವೇ ಇಲ್ಲ. ಬರೀ ಹುಲ್ಲು, ಕಲ್ಲು, ಗೇಣುದ್ದವೂ ಇಲ್ಲದ ಹೂಗಿಡಗಳು. ಆ ಬಯಲಿನಲ್ಲಿ ಬೈಕ್ ಮೇಲೆ ಕೂತವನೇ ಎಲ್ಲಕ್ಕಿಂತ ಎತ್ತರ. ಪಶ್ಚಿಮದ ಮೋಡ ಕಪ್ಪಾದದ್ದು, ಮೊದಲ ಗುಡುಗು ಕೇಳಿಸಿದ್ದು, ಆಲಿಕಲ್ಲು ಹೆಲ್ಮೆಟ್ಟಿಗೆ ಬಡಿದದ್ದು ಎಲ್ಲ ಹತ್ತೇ ನಿಮಿಷದಲ್ಲಿ. ರಸ್ತೆ ಬೆಳ್ಳಗಾಯಿತು. ಹೇಗೋ ಆಲ್ಪೈನ್ ಸಂದರ್ಶಕ ಕೇಂದ್ರ ಮುಟ್ಟಿ ಒಳಗೆ ಓಡಿದೆವು. ತಲೆ ಎಣಿಸಿದರೆ ನಾಲ್ಕು.

ಫೋನಿಗೆ ಸಿಗ್ನಲ್ ಇಲ್ಲ. ವಾಪಸ್ ಹೋಗಲು ಹೊರಟ ಹಾಸನದ ಗೆಳೆಯರನ್ನು ಅಲ್ಲಿನ ಸಿಬ್ಬಂದಿ ತಡೆದರು. ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತೆವು, ಯಾರೂ ಕುಡಿಯಲಿಲ್ಲ. ಅವನಿಗೆ ಏನಾದರೂ ಆಗಿದ್ದರೆ ಹುಬ್ಬಳ್ಳಿಗೆ ಫೋನ್ ಮಾಡುವವರು ಯಾರು? ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ.

ನಲವತ್ತು ನಿಮಿಷದ ಮೇಲೆ ಬಂದ, ತೊಯ್ದು ತೊಪ್ಪೆಯಾಗಿ. ಬೈಕ್ ಜಾರಿದಂತಾಗಿ ನಿಲ್ಲಿಸಿದ್ದನಂತೆ. ಹಿಂದೆ ಬಂದ ಟೆಕ್ಸಸ್‌ನ ವಯಸ್ಸಾದ ದಂಪತಿ ಕೂಗಿ ಕರೆದು, ಮಳೆ ನಿಲ್ಲುವವರೆಗೆ ತಮ್ಮ ಕಾರಿನಲ್ಲಿ ಕೂರಿಸಿಕೊಂಡಿದ್ದರು. ಸಿಡಿಲಿನ ಹೊತ್ತಿನಲ್ಲಿ ಮುಚ್ಚಿದ ಕಾರು ಸುರಕ್ಷಿತ ಜಾಗ. ಅವ್ವನಿಗೆ ಹೇಳಿದ ಸುಳ್ಳು ಅಷ್ಟು ಹೊತ್ತಿನ ಮಟ್ಟಿಗೆ ನಿಜವಾಗಿತ್ತು!

ಇಳಿಯುವಾಗ ಮಿಲ್ನರ್ ಪಾಸ್‌ನಲ್ಲಿ ನಿಂತೆವು. ಅಲ್ಲಿ ಬಿದ್ದ ನೀರು ಒಂದು ಕಡೆ ಅಟ್ಲಾಂಟಿಕ್‌ನತ್ತ, ಇನ್ನೊಂದು ಕಡೆ ಪೆಸಿಫಿಕ್‌ನತ್ತ ಹರಿಯುತ್ತದೆ. ‘ನಮ್ಮ ಬಿಸಿಲೆಯಲ್ಲೂ ಹೀಗೇ, ಒಂದು ಪಾಲು ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಬಂಗಾಳ ಕೊಲ್ಲಿಗೆ’ ಎಂದರು ಹಾಸನದವರು. ಬೇರೆ ದಿನವಾಗಿದ್ದರೆ ಅರ್ಧ ಗಂಟೆ ಹರಟುತ್ತಿದ್ದೆವು.

ಗ್ರ್ಯಾಂಡ್ ಲೇಕ್ ಸೇರಿದಾಗ ಸಂಜೆ. ಏಳು ಗಂಟೆಗೆ, ಹುಬ್ಬಳ್ಳಿಯಲ್ಲಿ ಮರುದಿನ ಬೆಳಗಿನ ಆರೂವರೆಗೆ, ಹುಡುಗ ಸ್ಪೀಕರ್ ಹಾಕಿಯೇ ಮನೆಗೆ ಫೋನ್ ಮಾಡಿದ. ಎಲ್ಲ ಹೇಳಿದ. ಆ ಕಡೆ ಸ್ವಲ್ಪ ಹೊತ್ತು ಬರೀ ಕುಕ್ಕರಿನ ಸೀಟಿ.

‘ಹೆಲ್ಮೆಟ್ ಹಾಕ್ಕೊಂಡಿದ್ದಿ ಇಲ್ಲೋ?’

‘ಹಾಕ್ಕೊಂಡಿದ್ದೆ ಅವ್ವಾ.’

‘ಆ ಕಾರಿನವ್ರ ನಂಬರ್ ಇಸ್ಕೊಂಡಿ?’

ಅದನ್ನು ಯಾರೂ ಇಸಿದುಕೊಂಡಿರಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೇ ಹೊರಟು, ಬರ್ತೌಡ್ ಪಾಸ್ ದಾರಿಯಾಗಿ, ಹುಡುಗನನ್ನು ನಡುವೆ ಬಿಟ್ಟುಕೊಂಡು ಮಧ್ಯಾಹ್ನದೊಳಗೆ ಡೆನ್ವರ್ ಸೇರಿದೆವು.