ಕೊಯ್ಲಾದ ಗದ್ದೆಯಲ್ಲಿ ಕಾರು ಓಟ

ಕೊಯ್ಲು ಮುಗಿದ ಕೊಡಗಿನ ಗದ್ದೆಗಳಲ್ಲಿ ಆಟೋಕ್ರಾಸ್ ಸ್ಪರ್ಧೆ ನಡೆಯುವುದುಂಟು. ಬೆಳಿಗ್ಗೆ ಬೆಲ್ಟು, ಬ್ರೇಕು, ಹೆಲ್ಮೆಟ್‌ಗಳ ತಪಾಸಣೆ. ಬಳಿಕ ಚಾಲಕರು ಓಟದ ದಾರಿಯನ್ನು ನಡೆದು ನೋಡುತ್ತಾರೆ. ಕಾರುಗಳು ಸಾಮಾನ್ಯವಾಗಿ ಒಂದೊಂದಾಗಿ ಓಡುತ್ತವೆ. ಕಡಿಮೆ ಸಮಯದಲ್ಲಿ ಮುಗಿಸಿದವರು ಗೆದ್ದಂತೆ. ಗುರುತಿಗೆ ತಾಗಿದರೆ ದಂಡವಾಗಿ ಸೆಕೆಂಡುಗಳು ಸೇರುತ್ತವೆ. ಆದ್ದರಿಂದ ಗೆಲ್ಲಿಸುವುದು ಬರಿಯ ವೇಗವಲ್ಲ, ತಿರುವಿನಲ್ಲಿನ ಹಿಡಿತ.

ಇದಕ್ಕಾಗಿ ಮಾರುತಿ ಜಿಪ್ಸಿಯ ಹಿಂದಿನ ಸೀಟು ಕಳಚಿ ಹಗುರ ಮಾಡುತ್ತಾರೆ. ಮಗುಚಿದರೆ ತಲೆ ಕಾಯಲು ಒಳಗೆ ಉಕ್ಕಿನ ಕೊಳವೆಗಳ ಪಂಜರ ಕೂರಿಸುತ್ತಾರೆ.

ನಮ್ಮ ಸಣ್ಣ ಬೆಳೆಗಾರರ ಮನೆಯಲ್ಲಿ ಗಾಡಿ ಒಂದೇ. ಸೋಮವಾರ ಅದೇ ಗಾಡಿ ಆಳುಗಳನ್ನೂ ಕಾಫಿ ಮೂಟೆಯನ್ನೂ ಹೊರಬೇಕು. ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ಓಟಕ್ಕೆ ಹಳೆಯ ಕಾರೊಂದನ್ನು ಬೇರೆಯೇ ಇಡಿ. ಗದ್ದೆಗೆ ಅದನ್ನು ಲಾರಿಯಲ್ಲೇ ಒಯ್ಯಿರಿ.