ಬೈಕಿಗೆ ವೀಲ್ ಬ್ಯಾಲೆನ್ಸಿಂಗ್ ಬೇಕಿಲ್ಲ ಎಂಬುದು ನಿಜವೇ?

“ವೀಲ್ ಬ್ಯಾಲೆನ್ಸಿಂಗ್ ಏನಿದ್ದರೂ ಕಾರಿಗೆ. ಬೈಕಿಗೆ ಮಾಡಿಸಿದರೆ ದುಡ್ಡು ದಂಡ” ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ರಿಮ್, ಟೈರ್ ಎರಡೂ ಹೊಸದಾದರೆ ಎಲ್ಲ ಸರಿಯಾಗಿಯೇ ಇರುತ್ತದೆ ಎನ್ನುವವರೂ ಇದ್ದಾರೆ. ಇದು ಎಷ್ಟು ನಿಜ?

ಬ್ಯಾಡಗಿ ಪೇಟೆಯೊಳಗೆ ಓಡಾಡುವಷ್ಟು ಹೊತ್ತು ಈ ಮಾತು ನಿಜವೆನಿಸಬಹುದು. ಆದರೆ ಮೋಟೆಬೆನ್ನೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 48 ಹತ್ತಿ, ಹಾವೇರಿಯ ಕಡೆಗೋ ರಾಣೆಬೆನ್ನೂರಿನ ಕಡೆಗೋ ವೇಗ ಹೆಚ್ಚಿಸಿದರೆ ಅದೇ ಬೈಕಿನ ಹ್ಯಾಂಡಲ್ ನಡುಗಬಹುದು. ಪೇಟೆಯಲ್ಲಿ ಇಲ್ಲದ ನಡುಕ ಇಲ್ಲಿ ಎಲ್ಲಿಂದ ಬಂತು?

ಹೊಸ ಚಕ್ರದ ತೂಕವೂ ಸುತ್ತಲೂ ಒಂದೇ ಸಮ ಇರುವುದಿಲ್ಲ. ರಿಮ್‌ನ ಬೆಸುಗೆ, ಟೈರ್‌ನ ಪದರಗಳು ಕೂಡುವ ಜಾಗ, ಗಾಳಿ ತುಂಬುವ ವಾಲ್ವ್ ಇವೆಲ್ಲ ಸೇರಿ ಒಂದು ಕಡೆ ಕೆಲವು ಗ್ರಾಂ ಹೆಚ್ಚಾಗುತ್ತದೆ. ಚಕ್ರ ತಿರುಗುವಾಗ ಆ ಭಾಗ ಹೊರಕ್ಕೆ ಎಳೆಯುತ್ತದೆ. ವೇಗ ಎರಡು ಪಟ್ಟಾದರೆ ಈ ಎಳೆತ ನಾಲ್ಕು ಪಟ್ಟಾಗುತ್ತದೆ.

ಲೆಕ್ಕ ಹಾಕಿ ನೋಡೋಣ. 17 ಇಂಚಿನ ರಿಮ್‌ನ ಒಂದು ಕಡೆ 20 ಗ್ರಾಂ ಹೆಚ್ಚಿದೆ ಎಂದುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಎಳೆತ ಸುಮಾರು 600 ಗ್ರಾಂ ತೂಕದಷ್ಟು. 80 ಕಿ.ಮೀ. ವೇಗದಲ್ಲಿ ಅದು ಸುಮಾರು 2.4 ಕೆ.ಜಿ., ಅದೂ ಸೆಕೆಂಡಿಗೆ ಹೆಚ್ಚುಕಡಿಮೆ 12 ಬಾರಿ! ಕೈ ಜೋಮು ಹಿಡಿಯುವುದು, ಟೈರ್ ಒಂದೆಡೆ ಹೆಚ್ಚು ಸವೆಯುವುದು, ಬೇರಿಂಗ್ ಮೇಲೆ ಹೊರೆ ಬೀಳುವುದು ಇದರಿಂದಲೇ ಆಗಬಹುದು.

ಇದನ್ನು ಸರಿಪಡಿಸಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಮೆಕ್ಯಾನಿಕ್ ಚಕ್ರವನ್ನು ಬಿಚ್ಚಿ, ಅದರ ಆಕ್ಸಲ್ ಅನ್ನು ಸಮತಟ್ಟಾದ ಸ್ಟ್ಯಾಂಡಿನ ಮೇಲಿಟ್ಟು ಮೆಲ್ಲಗೆ ತಿರುಗಿಸಿದರೆ, ಭಾರದ ಭಾಗ ಕೆಳಗೆ ಬಂದು ನಿಲ್ಲುತ್ತದೆ. ಅದಕ್ಕೆ ನೇರ ಎದುರು, ಮೇಲ್ಗಡೆ, ರಿಮ್ ಒರೆಸಿ ಸಣ್ಣ ತೂಕ ಅಂಟಿಸಬೇಕು. ಚಕ್ರ ಎಲ್ಲಿ ಬಿಟ್ಟರೂ ಅಲ್ಲೇ ನಿಂತರೆ ಕೆಲಸ ಮುಗಿದಂತೆ. ಚಕ್ರ ಬೈಕಿನಲ್ಲೇ ಇದ್ದರೆ ಬ್ರೇಕ್ ಮತ್ತು ಚೈನ್ ತಡೆಯುವುದರಿಂದ ಈ ಪರೀಕ್ಷೆ ಸರಿಯಾಗಿ ಆಗದು.

ಹಲವು ಟೈರ್‌ಗಳ ಮೇಲೆ ಹಳದಿ ಚುಕ್ಕೆ ಇರುತ್ತದೆ. ಅದು ಟೈರ್‌ನ ಹಗುರ ಜಾಗದ ಗುರುತು. ಅದನ್ನು ವಾಲ್ವ್ ಪಕ್ಕಕ್ಕೆ ಕೂರಿಸಿದರೆ ಕಡಿಮೆ ತೂಕ ಸಾಕಾಗುತ್ತದೆ. ಮುಂದೆ ಪಂಕ್ಚರ್‌ಗೆಂದು ಟೈರ್ ಬಿಚ್ಚುವಾಗ ವಾಲ್ವ್ ಎದುರಿಗೆ ಸೀಮೆಸುಣ್ಣದಿಂದ ಗುರುತು ಹಾಕಿಸಿ. ಮತ್ತೆ ಅದೇ ಜಾಗಕ್ಕೆ ಕೂರಿಸಬಹುದು.

ಒಂದು ಎಚ್ಚರಿಕೆ. ರಿಮ್ ಬೆಂಡ್ ಆಗಿದ್ದರೆ, ಸ್ಪೋಕ್ ಸಡಿಲವಾಗಿದ್ದರೆ, ಟೈರ್ ಸರಿಯಾಗಿ ಕೂರದಿದ್ದರೆ ಅಥವಾ ಬೇರಿಂಗ್ ಸವೆದಿದ್ದರೆ ಎಷ್ಟು ತೂಕ ಅಂಟಿಸಿದರೂ ನಡುಕ ಹೋಗದು. ಮೊದಲು ಇವನ್ನು ಸರಿಪಡಿಸಿ, ಆಮೇಲೆ ಬ್ಯಾಲೆನ್ಸ್ ಮಾಡಿಸಬೇಕು. ಹ್ಯಾಂಡಲ್ ಜೋರಾಗಿ ಅಲುಗುತ್ತಿದ್ದರೆ ಆ ಬೈಕಿನಲ್ಲಿ ಹೆದ್ದಾರಿಗೆ ಹೋಗಲೇಬೇಡಿ.

ಹಾಗಾಗಿ ಬೈಕಿಗೆ ಬ್ಯಾಲೆನ್ಸಿಂಗ್ ಬೇಕಿಲ್ಲ ಎಂಬ ಮಾತು ತಪ್ಪು. ನಿಧಾನವಾಗಿ ಹೋಗುವಾಗ ಅದರ ಕೊರತೆ ಗೊತ್ತಾಗುವುದಿಲ್ಲ, ಅಷ್ಟೇ.